ಬಟ್ಟೆಯಲ್ಲಿ ಕಟ್ಟಿ ಎತ್ತಿಕೊಂಡರೆ ಮಗುವಿನ ಕಾಲು ಸೊಟ್ಟ ಆಗುತ್ತದೆಯೇ? ನಾವೇ ಕಟ್ಟಿ ನೋಡಿದೆವು

ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ತಿರುಗಿ ಬರುವ ಫಾರ್ವರ್ಡ್‌ಗಳಲ್ಲಿ ಇದೂ ಒಂದು. ಉದ್ದನೆಯ ಬಟ್ಟೆಯಲ್ಲಿ ಮಗುವನ್ನು ಎದೆಗೆ ಕಟ್ಟಿಕೊಂಡ ತಾಯಿಯ ಫೋಟೊ, ಅದರ ಮೇಲೆ ದೊಡ್ಡ ಕೆಂಪು ಗುರುತು, ಕೆಳಗೆ ಎಚ್ಚರಿಕೆ. ಹೀಗೆ ಕಟ್ಟಿದರೆ ಮಗುವಿನ ಕಾಲು ಸೊಟ್ಟ ಆಗುತ್ತದೆ, ಬೆನ್ನು ಬಾಗುತ್ತದೆ, ನಡೆಯುವುದು ತಡವಾಗುತ್ತದೆ, ಎತ್ತಿಕೊಳ್ಳುವ ಚಟ ಹತ್ತುತ್ತದೆ ಎಂದು ಅದು ಹೇಳುತ್ತದೆ. ಇದಕ್ಕೆ ಪೂರ್ತಿ ಉಲ್ಟಾ ಹೇಳುವ ಫಾರ್ವರ್ಡ್‌ಗಳೂ ಇವೆ. ಅವುಗಳ ಪ್ರಕಾರ ಬಟ್ಟೆಯಲ್ಲಿ ಕಟ್ಟಿಕೊಂಡ ಮಗು ಅಳುವುದೇ ಇಲ್ಲ, ಸ್ಕೂಟರ್ ಮೇಲೂ ನಿಶ್ಚಿಂತೆಯಿಂದ ಕರೆದುಕೊಂಡು ಹೋಗಬಹುದು.

ಎರಡೂ ಬಗೆಯ ಸಂದೇಶಗಳನ್ನು ನಮ್ಮ ಓದುಗರು ಕಳಿಸಿ, ನಿಜವೇ ಎಂದು ಕೇಳಿದ್ದಾರೆ. ನಾವು ಲಭ್ಯವಿರುವ ಅಧ್ಯಯನಗಳನ್ನು ಓದಿದೆವು. ಜೊತೆಗೆ ಒಂದು ನೇಯ್ದ ರ‍್ಯಾಪ್ ತಂದು ನಾವೇ ಕಟ್ಟಿಯೂ ನೋಡಿದೆವು. ಎರಡರಿಂದಲೂ ನಮಗೆ ಸಿಕ್ಕ ಉತ್ತರ ಒಂದೇ: ಕಾಲಿನ ಬಗ್ಗೆ ಇರುವ ಭಯ ತಪ್ಪು. ಭಯ ಪಡಬೇಕಾದ ಜಾಗ ಬೇರೆ ಇದೆ, ಅದರ ಬಗ್ಗೆ ಎರಡೂ ಫಾರ್ವರ್ಡ್‌ಗಳು ಒಂದು ಮಾತೂ ಹೇಳುವುದಿಲ್ಲ.

ಸಮಯ ಇಲ್ಲದವರಿಗೆ ಸಾರಾಂಶ

• ಮೊಣಕಾಲು ಮಡಚಿ, ತೊಡೆ ಅಗಲಿಸಿ ಎತ್ತಿಕೊಂಡರೆ ಕಾಲು ಸೊಟ್ಟ ಆಗುವುದಿಲ್ಲ. ಸೊಂಟದ ಕೀಲಿಗೆ ಅದೇ ಒಳ್ಳೆಯ ಭಂಗಿ.
• ಕಾಲನ್ನು ನೇರ ಎಳೆದು, ಬಟ್ಟೆಯಿಂದ ಬಿಗಿಯಾಗಿ ಸುತ್ತುವುದು ಸೊಂಟದ ಕೀಲಿಗೆ ಅಪಾಯ.
• ನಿಜವಾದ ಅಪಾಯ ಉಸಿರಾಟಕ್ಕೆ. ಮುಖ ಬಟ್ಟೆಯಲ್ಲಿ ಮುಚ್ಚಿಹೋದರೆ ಅಥವಾ ಗಲ್ಲ ಎದೆಗೆ ಒತ್ತಿಕೊಂಡರೆ ಮಗು ಸದ್ದಿಲ್ಲದೆ ಉಸಿರುಗಟ್ಟಬಹುದು. ನಾಲ್ಕು ತಿಂಗಳೊಳಗಿನ ಮಕ್ಕಳಿಗೆ ಈ ಅಪಾಯ ಹೆಚ್ಚು.
• ಸ್ಕೂಟರ್, ಬೈಕ್, ಕಾರಿನಲ್ಲಿ ರ‍್ಯಾಪ್ ಸುರಕ್ಷತಾ ಸಾಧನ ಅಲ್ಲ.

ಏನಿದು ನೇಯ್ದ ರ‍್ಯಾಪ್?

ಬಕಲ್, ಝಿಪ್, ಪ್ಯಾಡ್ ಏನೂ ಇಲ್ಲದ ಒಂದು ಉದ್ದನೆಯ ಬಟ್ಟೆ, ಅಷ್ಟೇ. ನಾವು ಬಳಸಿದ್ದು ಹತ್ತಿಯದು. ಉದ್ದ ಸುಮಾರು 4.6 ಮೀಟರ್, ಅಗಲ ಸುಮಾರು 70 ಸೆಂಟಿಮೀಟರ್. ನೋಡಲು ದಪ್ಪನೆಯ ದುಪಟ್ಟಾದಂತೆ ಇರುತ್ತದೆ. ಗುಟ್ಟು ಇರುವುದು ನೇಯ್ಗೆಯಲ್ಲಿ. ಇಂಥ ಬಟ್ಟೆಗಳನ್ನು ಹೆಚ್ಚಾಗಿ ಟ್ವಿಲ್ ಬಗೆಯಲ್ಲಿ ನೇಯುತ್ತಾರೆ. ಉದ್ದಕ್ಕೆ ಎಳೆದರೂ ಅಗಲಕ್ಕೆ ಎಳೆದರೂ ಬಟ್ಟೆ ಹಿಗ್ಗುವುದಿಲ್ಲ, ಓರೆಯಾಗಿ ಎಳೆದರೆ ಮಾತ್ರ ಸ್ವಲ್ಪ ಹಿಗ್ಗುತ್ತದೆ. ಹಾಗಾಗಿ ಮಗುವಿನ ಮೈಯ ಆಕಾರಕ್ಕೆ ಬಟ್ಟೆ ಅಂಟಿಕೊಂಡು ಕೂರುತ್ತದೆ, ಆದರೆ ಭಾರಕ್ಕೆ ಜೋತು ಬೀಳುವುದಿಲ್ಲ. ಟಿ-ಶರ್ಟಿನಂತೆ ಎಳೆದರೆ ಹಿಗ್ಗುವ ಇನ್ನೊಂದು ಬಗೆಯ ರ‍್ಯಾಪ್ ಕೂಡ ಮಾರುಕಟ್ಟೆಯಲ್ಲಿದೆ. ಅದು ಪುಟ್ಟ ಕೂಸಿಗೆ ಮೆತ್ತಗಿರುತ್ತದೆ, ಮಗು ಭಾರವಾದಂತೆ ಜೋಲತೊಡಗುತ್ತದೆ.

ಇದು ಹೊಸ ಫ್ಯಾಷನ್ ಎಂದುಕೊಂಡರೆ ತಪ್ಪು. ಮಿಜೋರಾಂನಲ್ಲಿ ಪುವಾನ್ ಎಂಬ ಕೈಮಗ್ಗದ ಬಟ್ಟೆಯಲ್ಲಿ, ಕೊರಿಯಾದಲ್ಲಿ ಪೊದೇಗಿಯಲ್ಲಿ, ಕೀನ್ಯಾದಲ್ಲಿ ಲೆಸೊದಲ್ಲಿ ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಾರೆ. ಇವತ್ತು ಆನ್‌ಲೈನ್‌ನಲ್ಲಿ ಸಿಗುವ ಯುರೋಪಿನ ಮಾದರಿಯ ರ‍್ಯಾಪ್‌ನ ಬೇರು ಕೂಡ ಇಂಥದ್ದೇ. 1970ರ ದಶಕದ ಆರಂಭದಲ್ಲಿ ಜರ್ಮನಿಯ ಎರಿಕಾ ಹಾಫ್‌ಮನ್ ಎಂಬ ತಾಯಿ ಅವಳಿ ಮಕ್ಕಳನ್ನು ಎತ್ತಿಕೊಳ್ಳಲು ಮೆಕ್ಸಿಕೊದ ರೆಬೋಸೊ ಬಟ್ಟೆಯನ್ನು ಬಳಸಿದರು. ನೋಡಿದವರೆಲ್ಲ ನಮಗೂ ಬೇಕು ಎಂದಾಗ 1972ರಲ್ಲಿ ಅದೇ ಒಂದು ಉದ್ಯಮವಾಯಿತು. ನಮ್ಮಲ್ಲೂ ಗದ್ದೆ ಕೆಲಸಕ್ಕೆ, ಕಟ್ಟಡ ಕೆಲಸಕ್ಕೆ ಹೋಗುವ ಹೆಂಗಸರು ಹಳೆ ಸೀರೆಯಲ್ಲಿ ಕೂಸನ್ನು ಕಟ್ಟಿಕೊಂಡು ನಡೆಯುವುದನ್ನು ಕಾಣಬಹುದು. ಶಾಲೆಯ ಛದ್ಮವೇಷ ಸ್ಪರ್ಧೆಯಲ್ಲಿ ಬೆನ್ನಿಗೆ ಗೊಂಬೆ ಕಟ್ಟಿಕೊಂಡ ಝಾನ್ಸಿ ರಾಣಿ ಪ್ರತಿ ವರ್ಷವೂ ಇರುತ್ತಾಳೆ!

ನಾವು ಕಟ್ಟಿ ನೋಡಿದಾಗ ಆದದ್ದು

ಮೊದಲ ದಿನ ಮಗುವನ್ನು ಮುಟ್ಟಲಿಲ್ಲ. ಐದು ಕೆಜಿ ಅಕ್ಕಿ ಚೀಲ ಇಟ್ಟು ಅಭ್ಯಾಸ ಮಾಡಿದೆವು. ಬಟ್ಟೆಯ ನಡುಭಾಗವನ್ನು ಎದೆಯ ಮೇಲೆ ಇಟ್ಟು, ಎರಡೂ ತುದಿಗಳನ್ನು ಕಂಕುಳ ಕೆಳಗಿನಿಂದ ಹಿಂದಕ್ಕೆ ಒಯ್ದು, ಬೆನ್ನಿನ ಮೇಲೆ ಅಡ್ಡಹಾಯಿಸಿ, ಹೆಗಲ ಮೇಲಿಂದ ಮುಂದಕ್ಕೆ ತರಬೇಕು. ಎದೆಯ ಮೇಲೆ ಒಂದು ಚೀಲದಂಥ ಜಾಗ ಆಗುತ್ತದೆ. ಮಗುವನ್ನು ಅದರೊಳಗೆ ಕೂರಿಸಿ, ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಎಳೆದು ಬಿಗಿ ಮಾಡಬೇಕು. ಕೊನೆಗೆ ತುದಿಗಳನ್ನು ಮಗುವಿನ ಕುಂಡೆಯ ಕೆಳಗೆ ಅಡ್ಡಹಾಯಿಸಿ, ಕಾಲುಗಳ ಅಡಿಯಿಂದ ಒಯ್ದು, ನಮ್ಮ ಬೆನ್ನ ಹಿಂದೆ ಗಂಟು ಹಾಕಬೇಕು. ಓದಲು ಸುಲಭ. ನಮ್ಮ ಅಕ್ಕಿ ಚೀಲ ಮೊದಲ ಸಲ ಹತ್ತು ಹೆಜ್ಜೆಯೊಳಗೆ ಹೊಟ್ಟೆಯವರೆಗೆ ಜಾರಿತು. ನಾಲ್ಕನೇ ಸಲಕ್ಕೆ ನಿಂತಿತು.

ಎರಡನೇ ದಿನ ನಮ್ಮ ತಂಡದ ಒಬ್ಬರ ಅಕ್ಕನ ಮನೆಗೆ ಹೋದೆವು. ಅಲ್ಲಿ ಏಳು ತಿಂಗಳ ಹೆಣ್ಣು ಕೂಸು, ತೂಕ ಏಳೂವರೆ ಕೆಜಿ. ಚಿಕ್ಕಮ್ಮನೇ ಕಟ್ಟಿಕೊಂಡಳು. ಕೂಸು ಎರಡು ನಿಮಿಷ ಕೊಸರಾಡಿ, ನಡೆಯಲು ಶುರು ಮಾಡಿದ ಮೇಲೆ ಸುಮ್ಮನಾಯಿತು. ಅಡುಗೆಮನೆಯಿಂದ ಬಂದ ಅಜ್ಜಿ ನೋಡಿದ ತಕ್ಷಣ ಅಂದರು: "ಏನೇ ಇದು, ಕೂಸಿನ ಕಾಲನ್ನ ಕಪ್ಪೆ ಹಂಗೆ ಅಗಲಿಸಿ ಕಟ್ಟಿದೀಯಾ? ನಾಳೆ ಸೊಟ್ಟ ಆದ್ರೆ ಯಾರು ಹೊಣೆ?"

ಬಿಚ್ಚಿ ಕೂಸನ್ನು ಅವರ ಕೈಗೆ ಕೊಟ್ಟೆವು. ಅವರು ಅದನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು ಕಿಟಕಿಯ ಹತ್ತಿರ ಕಾಗೆ ತೋರಿಸಲು ಹೋದರು. ಒಂದು ಕಾಲು ಅಜ್ಜಿಯ ಹೊಟ್ಟೆಯ ಕಡೆ, ಇನ್ನೊಂದು ಬೆನ್ನಿನ ಕಡೆ, ಮೊಣಕಾಲು ಮಡಚಿ ಮೇಲೆ, ಕುಂಡೆ ಕೆಳಗೆ. ರ‍್ಯಾಪ್‌ನಲ್ಲಿ ಇದ್ದದ್ದೂ ಇದೇ ಭಂಗಿ. ಅಜ್ಜಿಗೆ ತೋರಿಸಿದೆವು. "ಇದು ಬೇರೆ ಬಿಡು" ಎಂದರು, ಆದರೆ ನಕ್ಕರು.

ಮರೆಯಲಾಗದ ಘಟನೆ ಅದರ ನಂತರದ್ದು. ಎರಡನೇ ಸಲ ಕಟ್ಟಿದಾಗ ಸ್ವಲ್ಪ ಸಡಿಲವಾಗಿತ್ತು. ಚೆನ್ನಾಗಿಯೇ ಇದೆ ಅಂದುಕೊಂಡು ಮಾತಿನಲ್ಲಿ ಮುಳುಗಿದೆವು. ಹದಿನೈದು ನಿಮಿಷದಲ್ಲಿ ಕೂಸಿಗೆ ನಿದ್ದೆ ಹತ್ತಿತು. ಕೋಣೆಯಲ್ಲಿ ನಾಲ್ವರು ದೊಡ್ಡವರು ಇದ್ದೆವು. ಪಕ್ಕದಲ್ಲಿ ಕೂತಿದ್ದ ಒಬ್ಬರು ಅಕಸ್ಮಾತ್ ನೋಡಿದಾಗ ಕೂಸು ಕೆಳಕ್ಕೆ ಜಾರಿ, ತಲೆ ಮುಂದಕ್ಕೆ ಬಿದ್ದು, ಗಲ್ಲ ಎದೆಗೆ ಅಂಟಿತ್ತು. ಬಟ್ಟೆಯ ಅಂಚು ಮೂಗಿನ ಹತ್ತಿರಕ್ಕೆ ಬಂದಿತ್ತು. ತಕ್ಷಣ ಬಿಚ್ಚಿ ಎತ್ತಿಕೊಂಡೆವು. ಕೂಸು ಕಣ್ಣು ಬಿಟ್ಟು, ಆಕಳಿಸಿ, ಮತ್ತೆ ಮಲಗಿತು. ಏನೂ ಆಗಲಿಲ್ಲ. ಆದರೆ ಅಷ್ಟು ಹೊತ್ತು ಅದು ಒಂದು ಸದ್ದೂ ಮಾಡಿರಲಿಲ್ಲ. ಈ ಲೇಖನದಲ್ಲಿ ನಾವು ಹೇಳಬೇಕಾದ ಮುಖ್ಯ ವಿಷಯ ನಮಗೆ ಅಲ್ಲಿ ಸಿಕ್ಕಿತು. ಅದಕ್ಕೆ ಮತ್ತೆ ಬರುತ್ತೇವೆ. ಮೊದಲು ಫಾರ್ವರ್ಡ್‌ನ ಒಂದೊಂದೇ ಮಾತನ್ನು ನೋಡೋಣ.

ಹೇಳಿಕೆ 1: ಕಾಲು ಅಗಲಿಸಿ ಕಟ್ಟಿದರೆ ಸೊಟ್ಟ ಕಾಲು ಬರುತ್ತದೆ

ಉತ್ತರ: ತಪ್ಪು.

ಹುಟ್ಟಿದ ಮಕ್ಕಳ ಕಾಲು ಸ್ವಲ್ಪ ಬಾಗಿಯೇ ಇರುತ್ತದೆ. ತಿಂಗಳುಗಟ್ಟಲೆ ಗರ್ಭದಲ್ಲಿ ಮಡಚಿಕೊಂಡು ಇದ್ದದ್ದರ ಗುರುತು ಅದು. ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷದ ಹೊತ್ತಿಗೆ ಅದು ತಾನಾಗಿ ನೇರವಾಗುತ್ತದೆ. ಮೂರು ನಾಲ್ಕು ವರ್ಷಕ್ಕೆ ಉಲ್ಟಾ ಆಗಿ, ಮೊಣಕಾಲುಗಳು ಒಂದಕ್ಕೊಂದು ತಾಗುವಂತೆ ಕಾಣುತ್ತವೆ. ಏಳು ವರ್ಷದ ಹೊತ್ತಿಗೆ ಬಹುತೇಕ ಮಕ್ಕಳಲ್ಲಿ ಅದೂ ಸರಿಹೋಗುತ್ತದೆ. ಬಟ್ಟೆಯಲ್ಲಿ ಕಟ್ಟಿದ ಮಗುವಿಗೂ ಹೀಗೆ, ಕಟ್ಟದ ಮಗುವಿಗೂ ಹೀಗೆ.

ಎರಡು ವರ್ಷ ದಾಟಿದರೂ ಬಾಗು ಹೆಚ್ಚುತ್ತಿದ್ದರೆ, ಒಂದೇ ಕಾಲಿನಲ್ಲಿ ಇದ್ದರೆ, ಮಗು ಕುಂಟುತ್ತಿದ್ದರೆ ವೈದ್ಯರಿಗೆ ತೋರಿಸಿ. ವಿಟಮಿನ್ ಡಿ ಕೊರತೆಯಿಂದ ಬರುವ ರಿಕೆಟ್ಸ್ ಇದಕ್ಕೆ ಒಂದು ಕಾರಣ ಇರಬಹುದು. ರ‍್ಯಾಪ್ ಅದಕ್ಕೆ ಕಾರಣ ಅಲ್ಲ.

ಹಾಗಾದರೆ ಸೊಂಟದ ಕೀಲು? ಇದು ನಿಜವಾಗಿ ಕೇಳಬೇಕಾದ ಪ್ರಶ್ನೆ. ತೊಡೆಮೂಳೆಯ ತುದಿ ಒಂದು ಗುಂಡಿನಂತೆ ಇದ್ದು, ಸೊಂಟದ ಮೂಳೆಯ ಬಟ್ಟಲಿನಲ್ಲಿ ಕೂರುತ್ತದೆ. ಮೊದಲ ಕೆಲವು ತಿಂಗಳು ಆ ಬಟ್ಟಲು ಇನ್ನೂ ಮೆತ್ತಗೆ ಇರುತ್ತದೆ. ಮೊಣಕಾಲು ಮಡಚಿ ತೊಡೆ ಅಗಲಿಸಿದಾಗ ಗುಂಡು ಬಟ್ಟಲಿನ ನಡುವೆ ಸರಿಯಾಗಿ ಕೂರುತ್ತದೆ. ಕಾಲನ್ನು ನೇರ ಎಳೆದು ಜೋಡಿಸಿ ಕಟ್ಟಿದಾಗ ಅಂಚಿಗೆ ಜಾರುವ ಸಾಧ್ಯತೆ ಹೆಚ್ಚು. ಹೀಗೆ ಕೀಲು ಸರಿಯಾಗಿ ಬೆಳೆಯದ ಸ್ಥಿತಿಗೆ ಹಿಪ್ ಡಿಸ್ಪ್ಲೇಸಿಯಾ ಎನ್ನುತ್ತಾರೆ. ಇದಕ್ಕೆ ಪುಟ್ಟ ಮಕ್ಕಳಿಗೆ ವೈದ್ಯರು ಕೊಡುವ ಪಾವ್ಲಿಕ್ ಹಾರ್ನೆಸ್ ಎಂಬ ಪಟ್ಟಿ ಏನು ಮಾಡುತ್ತದೆ ಗೊತ್ತೇ? ಮಗುವಿನ ಕಾಲನ್ನು ಕಪ್ಪೆಯಂತೆ ಮಡಚಿ ಅಗಲಿಸಿ ಹಿಡಿಯುತ್ತದೆ. ಅಜ್ಜಿ ಹೆದರಿದ ಭಂಗಿಯೇ ಇಲ್ಲಿ ಚಿಕಿತ್ಸೆ.

ಜಪಾನಿನ ಅನುಭವ ಇದಕ್ಕೆ ದೊಡ್ಡ ಸಾಕ್ಷಿ. ಅಲ್ಲಿ ಕೂಸುಗಳ ಕಾಲನ್ನು ನೇರ ಮಾಡಿ ಸುತ್ತುವ ರೂಢಿ ಇತ್ತು. 1975ರ ಸುಮಾರಿಗೆ ಅದನ್ನು ಬಿಡಿ ಎಂದು ಅಜ್ಜಿಯರಿಗೂ ಸೇರಿ ಎಲ್ಲರಿಗೂ ತಿಳಿಹೇಳುವ ಅಭಿಯಾನ ನಡೆಯಿತು. ಹಿಂದೆ ಶೇ 1ರಿಂದ 3.5ರಷ್ಟು ಮಕ್ಕಳಲ್ಲಿ ಕಾಣುತ್ತಿದ್ದ ಸೊಂಟದ ಕೀಲು ಜಾರುವ ತೊಂದರೆ ಶೇ 0.2ರ ಆಸುಪಾಸಿಗೆ ಇಳಿಯಿತು. ಆಫ್ರಿಕಾದ ಮಲಾವಿಯಲ್ಲಿ ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಳ್ಳುವುದು ಸಾಮಾನ್ಯ. ಅಲ್ಲಿನ ಒಂದು ಮೂಳೆ ಆಸ್ಪತ್ರೆಯ ಹತ್ತು ವರ್ಷಗಳ, ಸುಮಾರು 40,000 ಮಕ್ಕಳ ದಾಖಲೆಗಳನ್ನು ನೋಡಿದ ವೈದ್ಯರಿಗೆ ಈ ತೊಂದರೆಗೆ ಶಸ್ತ್ರಚಿಕಿತ್ಸೆ ಆದ ಒಂದು ಮಗುವೂ ಸಿಗಲಿಲ್ಲ. 2015ರಲ್ಲಿ ಪ್ರಕಟವಾದ ಈ ಅಧ್ಯಯನ ಒಂದೇ ಇದ್ದಿದ್ದರೆ ಅದನ್ನು ಪೂರ್ತಿ ಪುರಾವೆ ಎನ್ನಲಾಗುತ್ತಿರಲಿಲ್ಲ, ಜನಾಂಗ, ವಂಶವಾಹಿ ಮುಂತಾದವೂ ಕಾರಣ ಇರಬಹುದು. ಆದರೆ ಜಪಾನಿನ ಅನುಭವದ ಜೊತೆ ಇಟ್ಟು ನೋಡಿದರೆ ಎರಡೂ ಒಂದೇ ದಿಕ್ಕು ತೋರಿಸುತ್ತವೆ.

ನಮ್ಮಲ್ಲೂ ಕೆಲವು ಮನೆಗಳಲ್ಲಿ ಎಣ್ಣೆ ನೀರು ಹಾಕಿದ ಮೇಲೆ ಕಾಲು ಸೊಟ್ಟ ಆಗಬಾರದು ಎಂದು ಎರಡೂ ಕಾಲು ಎಳೆದು, ಜೋಡಿಸಿ, ಬಟ್ಟೆ ಬಿಗಿಯಾಗಿ ಸುತ್ತುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಕೀಲಿಗೆ ತೊಂದರೆ ಕೊಡುವುದು ಇದೇ. ಸುತ್ತುವುದಿದ್ದರೆ ಎದೆಯ ಹತ್ತಿರ ಬಿಗಿ ಇರಲಿ, ಸೊಂಟದ ಕೆಳಗೆ ಕಾಲು ಮಡಚಿ ಒದೆಯಲು ಜಾಗ ಇರಲಿ.

ಹೇಳಿಕೆ 2: ಕುತ್ತಿಗೆ ನಿಲ್ಲುವ ಮೊದಲು ನೆಟ್ಟಗೆ ಹಿಡಿದರೆ ಬೆನ್ನು ಬಾಗುತ್ತದೆ

ಉತ್ತರ: ಭಾಗಶಃ ತಪ್ಪು.

ಕೂಸಿನ ಬೆನ್ನು ಹುಟ್ಟುವಾಗಲೇ ಬಿಲ್ಲಿನಂತೆ ಸ್ವಲ್ಪ ಬಾಗಿರುತ್ತದೆ. ತಲೆ ಎತ್ತುವಾಗ ಕುತ್ತಿಗೆಯ ತಿರುವು, ಕೂರುವಾಗ ಮತ್ತು ನಡೆಯುವಾಗ ಸೊಂಟದ ತಿರುವು ನಿಧಾನವಾಗಿ ಮೂಡುತ್ತವೆ. ಹಾಲು ಕುಡಿಸಿ ತೇಗು ಬರಿಸಲು ಹೆಗಲಿಗೆ ಹಾಕಿಕೊಳ್ಳುತ್ತೇವಲ್ಲ, ಆಗಲೂ ಕೂಸು ನೆಟ್ಟಗೇ ಇರುತ್ತದೆ. ನಮ್ಮ ಎದೆಗೆ ಒರಗಿ, ಬೆನ್ನು ಪೂರ್ತಿ ಬಟ್ಟೆಯ ಆಸರೆಯಲ್ಲಿ ಇದ್ದರೆ ಭಾರ ಒಂದೇ ಕಡೆ ಬೀಳುವುದಿಲ್ಲ. ತೊಂದರೆ ಬರುವುದು ಬಟ್ಟೆ ಸಡಿಲ ಇದ್ದು ಮಗು ಕುಸಿದು ಕೂತಾಗ. ಅಲ್ಲೂ ಮೊದಲ ಹೊಡೆತ ಬೀಳುವುದು ಉಸಿರಿಗೆ.

ಹೇಳಿಕೆ 3: ಎತ್ತಿಕೊಂಡೇ ಇದ್ದರೆ ನಡೆಯುವುದು ತಡವಾಗುತ್ತದೆ

ಉತ್ತರ: ತಪ್ಪು, ಆದರೆ ಒಂದು ಷರತ್ತು ಇದೆ.

ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಭಾರತ, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕದ ಮಕ್ಕಳ ಬೆಳವಣಿಗೆಯ ಲೆಕ್ಕ ಪ್ರಕಟಿಸಿತು. ಅದರ ಪ್ರಕಾರ ಆರೋಗ್ಯವಂತ ಮಕ್ಕಳು ಆಸರೆ ಇಲ್ಲದೆ ನಡೆಯುವ ವಯಸ್ಸು ಸುಮಾರು 8 ತಿಂಗಳಿಂದ ಹದಿನೇಳೂವರೆ ತಿಂಗಳವರೆಗೆ ಹರಡಿದೆ. ಮಕ್ಕಳನ್ನು ಬೆನ್ನಿಗೆ ಕಟ್ಟುವ ರೂಢಿ ಗಟ್ಟಿಯಾಗಿರುವ ಘಾನಾದ ಮಕ್ಕಳು ಹೆಚ್ಚಿನ ಹಂತಗಳನ್ನು ಉಳಿದವರಿಗಿಂತ ಬೇಗ ಮುಟ್ಟಿದರು. ಕಟ್ಟಿಕೊಂಡದ್ದರಿಂದಲೇ ಬೇಗ ನಡೆದರು ಎಂದು ಇದರ ಅರ್ಥವಲ್ಲ. ಕಟ್ಟಿದರೆ ತಡವಾಗುತ್ತದೆ ಎನ್ನುವ ಮಾತು ನಿಲ್ಲುವುದಿಲ್ಲ, ಅಷ್ಟೇ.

ಷರತ್ತು ಏನೆಂದರೆ, ನೆಲದ ಮೇಲೆ ಆಡಲು ಬಿಡಬೇಕು. ಒಂದು ವರ್ಷದೊಳಗಿನ ಮಗುವನ್ನು ಗಾಡಿಯಲ್ಲಾಗಲಿ ಕುರ್ಚಿಯಲ್ಲಾಗಲಿ ಬೆನ್ನಿಗಾಗಲಿ ಒಂದು ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಹೇಳುತ್ತದೆ. ಇನ್ನೂ ಅಂಬೆಗಾಲಿಡದ ಕೂಸನ್ನು ಎಚ್ಚರ ಇರುವಾಗ ದಿನಕ್ಕೆ ಒಟ್ಟು ಕನಿಷ್ಠ 30 ನಿಮಿಷ ಬೋರಲು ಮಲಗಿಸಿ ಆಡಿಸಬೇಕು.

ನಡೆಯುವ ಮಕ್ಕಳ ವಿಷಯ ಬೇರೆ. ಎರಡು ವರ್ಷದ, ಹನ್ನೊಂದು ಕೆಜಿಯ ಒಬ್ಬ ಹುಡುಗನನ್ನೂ ಬೆನ್ನಿಗೆ ಕಟ್ಟಿಕೊಂಡು ನೋಡಿದೆವು. ಭಾರ ಎರಡೂ ಹೆಗಲಿಗೆ ಹಂಚಿದ್ದರಿಂದ ಒಂದೇ ಕೈಯಲ್ಲಿ ಎತ್ತಿಕೊಂಡದ್ದಕ್ಕಿಂತ ಹಗುರ ಅನ್ನಿಸಿತು. ಆರು ನಿಮಿಷ ಆದ ಮೇಲೆ ಇಳಿಸು ಎಂದು ಗಲಾಟೆ ಮಾಡಿದ. ಇಳಿಸಿದೆವು, ಓಡಿದ.

ಹೇಳಿಕೆ 4: ಎತ್ತಿಕೊಂಡರೆ ಚಟ ಹತ್ತುತ್ತದೆ. ಇನ್ನೊಂದು ಕಡೆ: ಕಟ್ಟಿಕೊಂಡರೆ ಅಳುವುದೇ ಇಲ್ಲ

ಉತ್ತರ: ಎರಡೂ ಅತಿಯಾಯಿತು.

1986ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ 99 ತಾಯಿ-ಮಕ್ಕಳ ಜೋಡಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಒಂದು ಗುಂಪಿನ ತಾಯಂದಿರಿಗೆ, ಮಗು ಅಳದಿದ್ದರೂ ದಿನಕ್ಕೆ ಮೂರು ಗಂಟೆಯಾದರೂ ಹೆಚ್ಚುವರಿಯಾಗಿ ಎತ್ತಿಕೊಳ್ಳಿ ಎಂದು ಹೇಳಲಾಗಿತ್ತು. ಆರು ವಾರದ ಹೊತ್ತಿಗೆ ಆ ಮಕ್ಕಳು ಉಳಿದವರಿಗಿಂತ ಶೇ 43ರಷ್ಟು ಕಡಿಮೆ ಅತ್ತವು. ಆದರೆ ಅದೇ ಸಂಶೋಧಕರ ತಂಡ ಆಮೇಲೆ ಹೊಟ್ಟೆನೋವಿನ ಅಳು, ಅಂದರೆ ಕೋಲಿಕ್ ಆಗಲೇ ಶುರುವಾಗಿದ್ದ ಮಕ್ಕಳಲ್ಲಿ ನೋಡಿದಾಗ, ಹೆಚ್ಚು ಎತ್ತಿಕೊಂಡದ್ದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ನಿಮ್ಮ ಮಗು ಕಟ್ಟಿಕೊಂಡರೂ ಅಳುತ್ತಿದ್ದರೆ ತಪ್ಪು ನಿಮ್ಮದಲ್ಲ.

ಚಟದ ಮಾತಿಗೆ ಬಂದರೆ, 1990ರ ಒಂದು ಅಮೆರಿಕನ್ ಅಧ್ಯಯನ ನ್ಯೂಯಾರ್ಕಿನ ಬಡ ತಾಯಂದಿರಲ್ಲಿ ಕೆಲವರಿಗೆ ಮೆತ್ತನೆಯ ಕ್ಯಾರಿಯರ್, ಕೆಲವರಿಗೆ ಪ್ಲಾಸ್ಟಿಕ್ ಸೀಟ್ ಕೊಟ್ಟಿತ್ತು. 13 ತಿಂಗಳ ವಯಸ್ಸಿನಲ್ಲಿ ನೋಡಿದಾಗ ಕ್ಯಾರಿಯರ್‌ನಲ್ಲಿ ಬೆಳೆದ ಮಕ್ಕಳಲ್ಲಿ ತಾಯಿಯ ಜೊತೆಗಿನ ನಂಟು ಹೆಚ್ಚು ಭದ್ರವಾಗಿತ್ತು. ಅದು ಚಿಕ್ಕ ಅಧ್ಯಯನ. ಆದರೂ ಎತ್ತಿಕೊಂಡರೆ ಮಗು ಕೆಡುತ್ತದೆ ಎನ್ನುವ ಮಾತಿಗೆ ಅದು ಬೆಂಬಲ ಕೊಡುವುದಿಲ್ಲ.

ನಮ್ಮ ಕೂಸು ಯಾಕೆ ನಡೆಯಲು ಶುರು ಮಾಡಿದ ಮೇಲೆಯೇ ಸುಮ್ಮನಾಯಿತು ಎಂಬುದಕ್ಕೂ ಉತ್ತರ ಇದೆ. ಎತ್ತಿಕೊಂಡು ನಡೆದಾಗ ಮಗುವಿನ ಎದೆಬಡಿತ ಇಳಿದು ಮೈ ಸಡಿಲವಾಗುತ್ತದೆ, ಸುಮ್ಮನೆ ಹಿಡಿದು ಕೂತರೆ ಅಷ್ಟು ಆಗುವುದಿಲ್ಲ ಎಂದು ಜಪಾನಿನ ರಿಕೆನ್ ಸಂಸ್ಥೆಯ ಸಂಶೋಧಕರು 2013ರಲ್ಲಿ ತೋರಿಸಿದರು. ಅವರದೇ 2022ರ ಸಲಹೆ: ಅಳುವ ಮಗುವನ್ನು ಐದು ನಿಮಿಷ ಎತ್ತಿಕೊಂಡು ನಡೆಯಿರಿ. ನಿದ್ದೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಹಿಡಿದು ಕೂರಿ. ಆಮೇಲೆ ಮಲಗಿಸಿ.

ಫಾರ್ವರ್ಡ್ ಹೇಳದ ಅಪಾಯ: ಉಸಿರು

2010ರ ಮಾರ್ಚ್‌ನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಮಕ್ಕಳ ಸ್ಲಿಂಗ್‌ಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಅದರ ಹಿಂದಿನ 20 ವರ್ಷಗಳಲ್ಲಿ ಕನಿಷ್ಠ 14 ಸಾವುಗಳು ಅವುಗಳ ಜೊತೆ ತಳುಕು ಹಾಕಿಕೊಂಡಿದ್ದವು. 14ರಲ್ಲಿ 12 ಕೂಸುಗಳು ನಾಲ್ಕು ತಿಂಗಳು ತುಂಬದವು.

ಇದು ಎರಡು ರೀತಿಯಲ್ಲಿ ಆಗುತ್ತದೆ. ಮೊದಲನೆಯದು, ಬಟ್ಟೆ ಅಥವಾ ಹೊತ್ತವರ ಮೈ ಮಗುವಿನ ಮೂಗು ಬಾಯಿಗೆ ಒತ್ತಿಕೊಳ್ಳುವುದು. ಒಂದೆರಡು ನಿಮಿಷದಲ್ಲೇ ಉಸಿರುಗಟ್ಟಬಹುದು ಎಂದು ಆಯೋಗ ಹೇಳಿತ್ತು. ಎರಡನೆಯದು, ಗಲ್ಲ ಎದೆಗೆ ಮಡಚಿಕೊಳ್ಳುವುದು. ಎಳೆಗೂಸಿನ ತಲೆ ಮೈಗೆ ಹೋಲಿಸಿದರೆ ಭಾರ, ಕುತ್ತಿಗೆಗೆ ಬಲ ಇಲ್ಲ, ಉಸಿರುನಾಳ ಸಣ್ಣದು ಮತ್ತು ಮೆತ್ತನೆಯದು. ನೀರಿನ ಪೈಪು ಮಡಚಿದಂತೆ ಆಗುತ್ತದೆ. ಗಾಳಿ ಸರಿಯಾಗಿ ಹೋಗದಿದ್ದರೆ ಮಗುವಿಗೆ ಅಳಲೂ ಆಗುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಕೂಸು ಚೆನ್ನಾಗಿ ನಿದ್ದೆ ಮಾಡುತ್ತಿದೆ ಅನ್ನಿಸುತ್ತದೆ. ನಮಗೂ ಹಾಗೇ ಅನ್ನಿಸಿತ್ತು.

ಜೋಲಿಯಲ್ಲಿ ಮಲಗಿಸಿದಂತೆ ಅಡ್ಡ ಮಲಗಿಸಿ, ಮೇಲೆ ಸೆರಗು ಮುಚ್ಚಿಕೊಂಡು ಹೋಗುವುದು ಹಿತವಾಗಿ ಕಾಣುತ್ತದೆ. ಆದರೆ ಗಲ್ಲ ಮಡಚಿಕೊಳ್ಳುವುದು, ಮುಖ ಮುಚ್ಚಿಹೋಗುವುದು, ಎರಡಕ್ಕೂ ಅವಕಾಶ ಇರುವ ಭಂಗಿ ಅದು. ನೆಟ್ಟಗೆ, ಮುಖ ಕಾಣುವಂತೆ ಕಟ್ಟುವುದೇ ಸುರಕ್ಷಿತ.

ಬ್ರಿಟನ್ನಿನಲ್ಲಿ ಬಳಸುವ ಐದು ನಿಯಮಗಳನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು:

1. ಬಿಗಿ: ಮಗು ನಿಮ್ಮ ಮೈಗೆ ಅಂಟಿಕೊಂಡು ಇರಬೇಕು. ನೀವು ಮುಂದೆ ಬಾಗಿದಾಗ ಮಗು ನಿಮ್ಮಿಂದ ದೂರ ಜೋತು ಬೀಳಬಾರದು.
2. ಮುಖ: ಕೆಳಗೆ ನೋಡಿದರೆ ಮುಖ ಯಾವಾಗಲೂ ಕಾಣಬೇಕು. ಬಟ್ಟೆ ಸರಿಸಿ ನೋಡುವಂತೆ ಇರಬಾರದು.
3. ಮುತ್ತು: ತಲೆ ಬಗ್ಗಿಸಿದರೆ ಮಗುವಿನ ನೆತ್ತಿಗೆ ಮುತ್ತು ಕೊಡುವಷ್ಟು ಹತ್ತಿರ ಇರಬೇಕು.
4. ಗಲ್ಲ: ಗಲ್ಲ ಮತ್ತು ಎದೆಯ ನಡುವೆ ಕನಿಷ್ಠ ಒಂದು ಬೆರಳಿನಷ್ಟು ಜಾಗ ಇರಬೇಕು.
5. ಬೆನ್ನು: ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತಿದರೆ ಮಗು ನೇರವಾಗಬಾರದು. ನೇರವಾದರೆ ಕಟ್ಟು ಸಡಿಲ ಎಂದರ್ಥ.

ಮಗು ಮಲಗಿದ ಮೇಲೆ ಈ ಐದನ್ನೂ ಮತ್ತೆ ಮತ್ತೆ ನೋಡುತ್ತಿರಿ. ರ‍್ಯಾಪ್‌ನಲ್ಲೇ ಎದೆಹಾಲು ಕುಡಿಸಿದರೆ, ಕುಡಿಸಿದ ಕೂಡಲೇ ಮಗುವನ್ನು ಮತ್ತೆ ನೆಟ್ಟಗೆ ಮೇಲೆ ತನ್ನಿ. ದಿನದ ನಿದ್ದೆಗೆ ರ‍್ಯಾಪ್ ಜಾಗ ಅಲ್ಲ, ಸಾಧ್ಯವಾದಾಗ ಸಮತಟ್ಟು ಹಾಸಿಗೆಯ ಮೇಲೆ ಅಂಗಾತ ಮಲಗಿಸಿ. ಅವಧಿಗೆ ಮೊದಲೇ ಹುಟ್ಟಿದ, ಅವಳಿ, ಕಡಿಮೆ ತೂಕದ, ಅಥವಾ ಉಸಿರಾಟದ ತೊಂದರೆ ಇರುವ ಮಗುವಾದರೆ ಮಕ್ಕಳ ವೈದ್ಯರನ್ನು ಕೇಳಿಯೇ ಕಟ್ಟಿ.

ಕಾಂಗರೂ ಆರೈಕೆ ಇದೇ ಅಲ್ಲವೇ?

ಅಲ್ಲ. ಕಡಿಮೆ ತೂಕದ ಕೂಸನ್ನು ತಾಯಿಯ ಬರಿ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟು ಕಟ್ಟುವ ವಿಧಾನ 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾಯಿತು. ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹುಟ್ಟಿದ ಕೂಡಲೇ ಹೀಗೆ ಇಟ್ಟ ಕೂಸುಗಳ ಸಾವು ಶೇ 25ರಷ್ಟು ಕಡಿಮೆಯಾಯಿತು. ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ಎಲ್ಲ ಕಡೆ ತಲುಪಿಸುವ ಬಗೆ ಹೇಗೆ ಎಂಬ ಸಂಶೋಧನೆ ನಡೆದಿದೆ. ಆದರೆ ಇದು ಜೀವ ಉಳಿಸುವ ಚಿಕಿತ್ಸೆ. ಆಸ್ಪತ್ರೆಯಲ್ಲಿ ಕಲಿತು, ಅವರು ಹೇಳಿದ ರೀತಿಯಲ್ಲೇ ಮಾಡಬೇಕು. ವಿಡಿಯೊ ನೋಡಿ ರ‍್ಯಾಪ್‌ನಲ್ಲಿ ಪ್ರಯೋಗ ಮಾಡುವ ವಿಷಯ ಅಲ್ಲ.

ಎಲ್ಲಿ ಕಟ್ಟಲೇಬಾರದು?

ಸ್ಕೂಟರ್ ಮತ್ತು ಬೈಕ್: ರ‍್ಯಾಪ್ ಅಪಘಾತದಲ್ಲಿ ಮಗುವನ್ನು ಕಾಪಾಡುವುದಿಲ್ಲ. ಬಿದ್ದರೆ ದೊಡ್ಡವರ ಮೈಭಾರವೇ ಮಗುವಿನ ಮೇಲೆ ಬೀಳಬಹುದು. 2023ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕೇಂದ್ರದ ನಿಯಮದಂತೆ, ದ್ವಿಚಕ್ರ ವಾಹನದಲ್ಲಿ 9 ತಿಂಗಳಿಂದ 4 ವರ್ಷದ ಮಗುವಿಗೆ ಸೇಫ್ಟಿ ಹಾರ್ನೆಸ್ ಮತ್ತು ಹೆಲ್ಮೆಟ್ ಬೇಕು, ವೇಗ ಗಂಟೆಗೆ 40 ಕಿಮೀ ಮೀರಬಾರದು. ರ‍್ಯಾಪ್ ಆ ಹಾರ್ನೆಸ್ ಅಲ್ಲ. ಕಾರಿನಲ್ಲಿ ಮಕ್ಕಳ ಸೀಟಿನ ಬದಲಿಗೂ ಅದು ಆಗುವುದಿಲ್ಲ.

ಒಲೆಯ ಮುಂದೆ: ಒಗ್ಗರಣೆ ಸಿಡಿಯುತ್ತದೆ, ಕುಕ್ಕರ್ ಹಬೆ ಹೊಡೆಯುತ್ತದೆ, ಬಿಸಿ ಚಹಾ ಚೆಲ್ಲುತ್ತದೆ. ಮಗುವಿನ ಕೈ ನಾವು ಅಂದುಕೊಂಡದ್ದಕ್ಕಿಂತ ದೂರ ಹೋಗುತ್ತದೆ. ಅಡುಗೆಗೆ ಮೊದಲು ಬಿಚ್ಚಿ.

ಬಿರುಬಿಸಿಲು: ರ‍್ಯಾಪ್ ಕೂಡ ಒಂದು ಪದರ ಬಟ್ಟೆಯೇ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಅದರೊಳಗೆ ಸ್ವೆಟರ್, ಟೋಪಿ ಬೇಡ. ಮಗುವಿನ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಬೆವರಿದ್ದರೆ ಬಿಚ್ಚಿ, ನೆರಳಿಗೆ ಬನ್ನಿ.

ಮನೆಯ ಸೀರೆಯಲ್ಲೇ ಕಟ್ಟಬಹುದೇ?

ಉದ್ದದ ಲೆಕ್ಕದಲ್ಲಿ ಸೀರೆ ಸಾಕಾಗಿ ಮಿಗುತ್ತದೆ, ಸುಮಾರು ಐದೂವರೆ ಮೀಟರ್ ಇರುತ್ತದೆ. ನಾವು ಹಳೆಯ ಹತ್ತಿ ಸೀರೆಯಲ್ಲೂ ಅಕ್ಕಿ ಚೀಲ ಕಟ್ಟಿ ನೋಡಿದೆವು. ಗಂಟು ನಿಂತಿತು, ಆದರೆ ತೆಳು ಬಟ್ಟೆ ಹಗ್ಗದಂತೆ ಸುತ್ತಿಕೊಂಡು ಹೆಗಲಿಗೆ ಕೊರೆಯಿತು. ಸಿಂಥೆಟಿಕ್ ಸೀರೆಯಲ್ಲಿ ಗಂಟು ಜಾರಿತು. ಆದ್ದರಿಂದ ಸಿಂಥೆಟಿಕ್, ರೇಷ್ಮೆ, ಜರಿ ಅಂಚಿನ ಸೀರೆ ಬೇಡ. ಸವೆದು ಪಿಸಿಯುತ್ತಿರುವ ಬಟ್ಟೆ ಯಾವುದೇ ಆದರೂ ಬೇಡ. ದುಬಾರಿ ರ‍್ಯಾಪ್ ಕೊಂಡರೂ ಪ್ರತಿ ಸಲ ಕಟ್ಟುವ ಮೊದಲು ಬೆಳಕಿಗೆ ಹಿಡಿದು ಹರಿದಿದೆಯೇ ನೋಡಿ. ಬಟ್ಟೆಯ ಬೆಲೆಗಿಂತ ಕಟ್ಟುವ ಕೈ ಮುಖ್ಯ. ಮೊದಲ ಸಲ ಹಾಸಿಗೆಯ ಪಕ್ಕ ನಿಂತು, ಇನ್ನೊಬ್ಬರ ಸಹಾಯ ಇಟ್ಟುಕೊಂಡೇ ಕಟ್ಟಿ. ಬೆನ್ನಿಗೆ ಕಟ್ಟುವುದನ್ನು ಮಗು ಚೆನ್ನಾಗಿ ಕೂರಲು ಕಲಿತ ಮೇಲೆ, ನಿಮಗೂ ಕೈ ಪಳಗಿದ ಮೇಲೆ ಇಟ್ಟುಕೊಳ್ಳಿ. ಸಿಸೇರಿಯನ್ ಆದವರು ವೈದ್ಯರನ್ನು ಕೇಳಿ ಶುರು ಮಾಡಿ.

ಕೊನೆಯ ಮಾತು

ಬಟ್ಟೆಯಲ್ಲಿ ಕಟ್ಟಿ ಎತ್ತಿಕೊಂಡರೆ ಮಗುವಿನ ಕಾಲು ಸೊಟ್ಟ ಆಗುತ್ತದೆ ಎಂಬ ಸಂದೇಶ ತಪ್ಪು. ಅಳುವುದೇ ಇಲ್ಲ, ಸ್ಕೂಟರ್‌ಗೂ ಸುರಕ್ಷಿತ ಎಂಬ ಸಂದೇಶವೂ ತಪ್ಪು. ಸರಿಯಾಗಿ ಕಟ್ಟಿದರೆ ರ‍್ಯಾಪ್‌ನಿಂದ ಮಗುವಿಗೆ ಹಿತ, ನಿಮ್ಮ ಎರಡು ಕೈಗಳಿಗೆ ಬಿಡುವು.

ಆ ಫಾರ್ವರ್ಡ್ ನಿಮ್ಮ ಗುಂಪಿಗೆ ಮತ್ತೆ ಬಂದರೆ ಜಗಳ ಆಡಬೇಡಿ. ಇಷ್ಟನ್ನು ಕಾಪಿ ಮಾಡಿ ಕಳಿಸಿ:

"ಮಗುವನ್ನು ಬಟ್ಟೆಯಲ್ಲಿ ಕಟ್ಟಿಕೊಂಡಾಗ ಕಾಲು ಮಡಚಿ ಅಗಲ ಇರಲಿ, ಅದು ಒಳ್ಳೆಯದೇ. ನೋಡಬೇಕಾದದ್ದು ಮುಖವನ್ನು. ಮುಖ ಕಾಣಬೇಕು, ಗಲ್ಲ ಎದೆಗೆ ಅಂಟಬಾರದು, ಬಟ್ಟೆ ಬಿಗಿ ಇರಬೇಕು. ಗಾಡಿ ಮೇಲೆ ಬೇಡ, ಒಲೆ ಮುಂದೆ ಬೇಡ. ಮಗು ಸುಮ್ಮನಿದೆ ಎಂದರೆ ಚೆನ್ನಾಗಿದೆ ಎಂದಲ್ಲ, ಬಗ್ಗಿ ನೋಡಿ."